ಇನ್ನೆಂತ ಬೇಕು

ಡೊಂಬಿವಲಿ ಪೂರ್ವ
೧೨ ಜನವರಿ ೨೦೨೫

ಪ್ರೀತಿಯ ಮಗ ಸೂರಜ,

ಮಸ್ಕತ್‌ನಲ್ಲಿ ಹೇಗಿದ್ದೀ? ಹೋಟೆಲಿನ ತಂದೂರಿನ ಮುಂದೆ ನಿಂತು ಕೈಗೆ ಬೊಬ್ಬೆ ಎದ್ದಿತ್ತಲ್ಲ, ಒಣಗಿತೇ? ತೆಂಗಿನೆಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ. ಸೊಸೆ ಸುಂದರಿ ಎಂದಿನಂತೆ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಐರೋಲಿಯ ಕ್ಯಾಂಟೀನಿಗೆ ಹೋಗಿಬರುತ್ತಾಳೆ. ನಿನ್ನ ಹೆಂಡತಿಯೆಂದು ಹೊಗಳುತ್ತಿಲ್ಲ, ಆ ನೂಕುನುಗ್ಗಲಿನಿಂದ ನಗುತ್ತಾ ಮನೆಗೆ ಬರುವವರು ಕಡಿಮೆ.

ರಾತ್ರಿ ಮಲಗುವ ಮೊದಲು ನಾಲ್ಕು ಸಾಲು ಡೈರಿ ಬರೆಯುತ್ತೇನೆಂದು ನಿನಗೆ ಗೊತ್ತು. ನಿನ್ನೆಯದನ್ನು ಅಲ್ಲಿ ಬರೆಯದೆ ನಿನಗೇ ಬರೆಯುತ್ತಿದ್ದೇನೆ. ಅಪ್ಪಯ್ಯ ತೀರಿಕೊಂಡ ಮೇಲೆ ನೀನು ಫೋನಿನಲ್ಲಿ ಹೆಚ್ಚು ಮಾತಾಡುವುದಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಮಗಳು ರಮಿತಾ ಅಪ್ಪಯ್ಯನ ಕಿವಿಗೆ ಫೋನ್ ಹಿಡಿದಿದ್ದಳು. ರಜೆ ಸಿಗಲಿಲ್ಲವೆಂದು ಅಳುತ್ತಾ ನೀನು “ಅಪ್ಪಯ್ಯಾ, ನಾನು ಸೂರಜ್, ಕೇಳ್ತಾ ಉಂಟಾ?” ಎಂದು ಕೂಗುತ್ತಿದ್ದೆ. ಅವರು “ಇನ್ನೆಂತ ಬೇಕು?” ಎಂದರು. ಅದೇ ಕೊನೆಯ ಮಾತು. ಸ್ವರ ಬತ್ತಿಹೋಗಿತ್ತು, ಸಿಟ್ಟೋ ಸಮಾಧಾನವೋ ತಿಳಿಯುವಂತಿರಲಿಲ್ಲ. ನೀನು ಸಿಟ್ಟೆಂದೇ ಹಿಡಿದುಕೊಂಡೆ. ಹಾಗಲ್ಲವೆಂದು ನನ್ನ ಮನಸ್ಸಿಗೆ ಗೊತ್ತಿತ್ತು ಮಗಾ. ಆದರೆ ಬಿಡಿಸಿ ಹೇಳಲು ಹೋದಾಗಲೆಲ್ಲ ಅವರ ಮಾತನ್ನೇ ತಿರುಗಿಸಿ ಹೇಳುತ್ತಿದ್ದೆ.

ನಿನ್ನೆ ರಮಿತಾ ಮರಾಠಿ ಹೋಮ್‌ವರ್ಕ್ ಮಾಡುತ್ತಿದ್ದಳು. ಪಾಠವನ್ನು ಸ್ವಂತ ಮಾತಿನಲ್ಲಿ ಬರೆಯಬೇಕಂತೆ. “ಇದ್ದದ್ದನ್ನೇ ಮತ್ತೆ ಬರೆಯುದು ಎಂತಕ್ಕೆ? ಪುಸ್ತಕದವರು ಸರಿ ಬರೀಲಿಲ್ವಾ? ಗೋಳಿಬಜೆಗೆ ಇಲ್ಲಿಯವರು ಬೇರೆ ಹೆಸರಿಟ್ರೆ ರುಚಿ ಬದಲಾಗ್ತದಾ?” ಎಂದು ತಮಾಷೆ ಮಾಡಿದೆ. ಅವಳು ತಲೆ ಎತ್ತದೆಯೇ “ಆಜಿ, ಪುಸ್ತಕಾಚೇ ಶಬ್ದ ಪೋಪಟ್ ಪಣ್ ಬೋಲ್ತೋ” ಎಂದಳು. ಪುಸ್ತಕದ ಮಾತನ್ನು ಗಿಳಿಯೂ ಹೇಳುತ್ತದಂತೆ, ಅರ್ಥವಾದವರು ಮಾತ್ರ ತಮ್ಮ ಮಾತಿನಲ್ಲಿ ಹೇಳಬಲ್ಲರಂತೆ. ಇಷ್ಟು ದಿನದಿಂದ ಮನೆಯಲ್ಲಿದ್ದ ಗಿಳಿ ನಾನೇ ಎಂದು ಒಳಗೊಳಗೇ ನಗು ಬಂತು.

ಸುಮ್ಮನೆ ಕೇಳಿದೆ, “ಹಾಗಾದ್ರೆ ಅಜ್ಜಯ್ಯ ಅವತ್ತು ಹೇಳಿದ್ದನ್ನು ನಿನ್ನ ಮಾತಲ್ಲಿ ಹೇಳು ಕಾಂಬ.” ಅವಳು ಪೆನ್ನು ಕೆಳಗಿಟ್ಟಳು. ಮೊದಲು ಹಿಂದಿಯಲ್ಲಿ “ಔರ್ ಕ್ಯಾ ಚಾಹಿಯೇ” ಎಂದಳು, ತಲೆಯಾಡಿಸಿ ಬಿಟ್ಟಳು. ಮರಾಠಿಯಲ್ಲಿ ಹೇಳಿದಳು, ಅದನ್ನೂ ಬಿಟ್ಟಳು. ಭಾಷೆ ಬದಲಾದರೂ ಅದು ಬೈಗುಳದ ಹಾಗೆಯೇ ಕೇಳುತ್ತಿತ್ತು. ಮತ್ತೆ ನನ್ನನ್ನು ಕೇಳಿದಳು: ಮಧ್ಯಾಹ್ನ ಗಂಜಿ ಉಂಡು, ಬಟ್ಟಲು ಸರಿಸಿ, ಅಜ್ಜಯ್ಯ ದಿನಾ ಇದನ್ನೇ ಹೇಳುತ್ತಿದ್ದರಲ್ಲ? ಹೌದಲ್ಲವೇ ಸೂರಜ! ಬಿಸಿ ಗಂಜಿ, ಸುಟ್ಟ ಹಪ್ಪಳ, ಮಾವಿನ ಮಿಡಿ, ಉಂಡಾದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು “ಇನ್ನೆಂತ ಬೇಕು!” ನೀನೂ ಚಿಕ್ಕವನಿದ್ದಾಗ ಅದನ್ನು ಅಣಕಿಸಿ ಅವರನ್ನು ನಗಿಸುತ್ತಿದ್ದೆ. ಆಸ್ಪತ್ರೆಯಲ್ಲೂ ನಿನ್ನ ಸ್ವರ ಕೇಳಿದೊಡನೆ ಅವರ ಕೈ ಹಾಗೆಯೇ ಹೊಟ್ಟೆಯ ಮೇಲೆ ಬಂದಿತ್ತಂತೆ. ನಾನು ಅವರ ಮುಖವನ್ನಷ್ಟೇ ನೋಡುತ್ತಿದ್ದೆ, ಫೋನ್ ಹಿಡಿದವಳು ಕೈ ನೋಡಿದ್ದಾಳೆ.

ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ, ನಮ್ಮ ಮಾತು ಇವಳ ತನಕ ಮುಟ್ಟಲಿಲ್ಲ ಎಂದು ನೀನು ಬೇಸರ ಪಡುತ್ತಿದ್ದೆ. ಮುಟ್ಟಿದೆ ಮಗಾ. ನಮ್ಮಿಬ್ಬರಿಗಿಂತ ಚೆನ್ನಾಗಿ ಮುಟ್ಟಿದೆ. ನಿನ್ನೆಯಿಂದ ಬಿಲ್ಡಿಂಗಿನಲ್ಲಿ ತಲೆ ಎತ್ತಿಕೊಂಡು ನಡೆಯುತ್ತಿದ್ದೇನೆ. ಕಾರಣ ಯಾರಿಗೂ ಹೇಳಿಲ್ಲ, ಮೊದಲು ನಿನಗೆ ತಿಳಿಯಲಿ ಎಂದು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಲೋಲಾಕ್ಷಿ

ಮರೆತಿದ್ದೆ: ಇದನ್ನು ಪಪ್ಪನಿಗೆ ಕನ್ನಡದಲ್ಲೇ ಹೇಳಬೇಕೆಂದು ರಮಿತಾ ಹಟ ಹಿಡಿದು ಕೂತಿದ್ದಾಳೆ. ಅವಳು ನಿಧಾನವಾಗಿ ಹೇಳಿದಂತೆ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ. “ಪಪ್ಪಾ, ಅಜ್ಜಯ್ಯ ಬೈದಿಲ್ಲ. ನಿನ್ನ ಸ್ವರ ಬಂತು, ಅಜ್ಜಯ್ಯನ ಹೊಟ್ಟೆ ಭರ್ತಿ ಆಯ್ತು.”