ನೊರೀನ್ ಹೊಡೆದಾಗ

ರಾಕ್‌ಹ್ಯಾಂಪ್ಟನ್, ಕ್ವೀನ್ಸ್‌ಲ್ಯಾಂಡ್
ಫೆಬ್ರವರಿ ೧೮

ಪ್ರೀತಿಯ ಡೆಸ್,

ನಿನ್ನ ಎರಡು ಕಾಗದಗಳೂ ಫ್ರಿಜ್ಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಉತ್ತರ ತಡವಾದದ್ದಕ್ಕೆ ಸೆಕೆ ಕಾರಣ ಅಂತ ಸುಳ್ಳು ಹೇಳೋಣವೆಂದಿದ್ದೆ. ಆದರೆ ಈ ಊರಲ್ಲಿ ಸೆಕೆ ಇಲ್ಲದ ದಿನ ಯಾವುದು ಅಂತ ನೀನೇ ಕೇಳುತ್ತೀಯ. ನಿಜ ಏನೆಂದರೆ ನನ್ನ ಬಲಗೈಯ ಎರಡು ಬೆರಳು ಮುರಿದಿದ್ದವು. ಮುರಿದವಳು ನೊರೀನ್.

ಹೌದು ಮಾರಾಯ, ನನ್ನ ಹೆಂಡತಿಯೇ. ಸ್ನಾನದ ಮನೆಯ ಬಾಗಿಲ ಸಂದಿಯಲ್ಲಿ ನನ್ನ ಕೈ ಇತ್ತು, ಅವಳು ಬಾಗಿಲು ಬಡಿದಳು. ತೆರೆದು ಮತ್ತೊಂದು ಸಲ ಬಡಿದಳು. ಮೂಳೆ ಮುರಿಯುವ ಸದ್ದು ನಿನಗೂ ನನಗೂ ಹೊಸದಲ್ಲ, ಆದರೆ ನನ್ನದೇ ಕೈಯಿಂದ ಕೇಳಿದ್ದು ಅದೇ ಮೊದಲು. ಕಸಾಯಿಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ಎಷ್ಟು ಹೋರಿಗಳನ್ನು ಕೆಡವಿಲ್ಲ! ಈಗ ಒಂದು ಕುರಿಯಷ್ಟೂ ತೂಕವಿಲ್ಲದ ಹೆಂಗಸಿನ ಕೈಯಲ್ಲಿ ಪೆಟ್ಟು ತಿಂದಿದ್ದೇನೆ. ನಗು, ನಗು. ಮೊದಮೊದಲು ನಾನೂ ನಕ್ಕಿದ್ದೆ.

ಆಪರೇಷನ್ ಮಾಡಿ ಕೂರಿಸಿದ ನಿನ್ನ ಹೊಸ ಸೊಂಟ ಹೇಗಿದೆ? ಹೋಬಾರ್ಟಿನ ಚಳಿಗೆ ಒಳಗಿನ ಲೋಹ ತಣ್ಣಗಾಗುತ್ತದೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿ ಬಿದ್ದು ಬಿದ್ದು ನಕ್ಕೆ. ಇಲ್ಲಿ ಮಾವಿನ ಹಣ್ಣು ಮುಗಿದವು. ನದಿ ಕೆಂಪಾಗಿ ತುಂಬಿ ಹರಿಯುತ್ತಿದೆ. ಹಳೆಯ ಪಬ್ಬನ್ನು ಯಾರೋ ಕೊಂಡುಕೊಂಡು ಗೋಡೆಗೆ ತಿಳಿ ನೀಲಿ ಬಣ್ಣ ಬಳಿದಿದ್ದಾರೆ. ನೀನು ಬಂದರೆ ಒಳಗೆ ಹೋಗಲು ನಾಚಿಕೆಪಡುತ್ತೀಯ.

ನೊರೀನಳ ಮರೆವಿನ ರೋಗದ ಸಂಗತಿ ನಿನಗೆ ಗೊತ್ತಿದೆ. ಹೊಡೆಯುವ ಸಂಗತಿ ನಿನಗೂ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಟೀ ಕೊಡಲು ಹೋದರೆ ಕಪ್ಪನ್ನೇ ನನ್ನ ಹಣೆಗೆ ಕುಟ್ಟುತ್ತಿದ್ದಳು. ಬಾಣಲೆ, ಟಾರ್ಚು, ಶೂ, ಕೈಗೆ ಸಿಕ್ಕಿದ್ದೆಲ್ಲ ಆಯುಧ. ಒಂದು ದಿನ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನನ್ನ ಭುಜಕ್ಕೆ ಒತ್ತಿ ಹಿಡಿದಳು. ಚರ್ಮ ಸುಟ್ಟ ವಾಸನೆ ಸಂಜೆವರೆಗೂ ಅಡುಗೆಮನೆಯಲ್ಲಿತ್ತು. ಇನ್ನೊಂದು ದಿನ ಮುಂಗೈ ಕಚ್ಚಿದಳು. ಹಲ್ಲು ಬಿಡಿಸಲು ಅವಳ ಮೂಗು ಹಿಡಿದು ಉಸಿರು ಕಟ್ಟಿಸಬೇಕಾಯಿತು. ಆಸ್ಪತ್ರೆಯಲ್ಲಿ ನಾಯಿ ಕಚ್ಚಿತು ಅಂದೆ. ತಲೆಗೆ ಹೊಲಿಗೆ ಹಾಕಿಸಿಕೊಂಡಾಗ ಮಾವಿನ ಮರದಿಂದ ಬಿದ್ದೆ ಅಂದೆ. ಈ ವಯಸ್ಸಿನಲ್ಲಿ ಮರ ಹತ್ತಬಾರದು ಅಂತ ಆ ಡಾಕ್ಟರು ಹುಡುಗಿ ಉದ್ದನೆಯ ಉಪದೇಶ ಮಾಡಿದಳು. ತಲೆ ಆಡಿಸುತ್ತಾ ಕೂತೆ. ನಾನಂತೂ ಒಂದು ಸಲವೂ ತಿರುಗಿ ಹೊಡೆಯಲಿಲ್ಲ ಡೆಸ್. ಬರೀ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆ.

ವಯಸ್ಸಾದವರು ತಮ್ಮ ಮನೆಯಲ್ಲೇ ಇರಲಿ ಅಂತ ಸರ್ಕಾರ ಆಳು ಕಳಿಸಿಕೊಡುತ್ತದಲ್ಲ, ಅದಕ್ಕೆ ಅರ್ಜಿ ಹಾಕಿದೆ. ಯಾರಿಗೆ ಎಷ್ಟು ಸಹಾಯ ಬೇಕು ಅಂತ ತೀರ್ಮಾನಿಸಲು ಮೊದಲು ಒಬ್ಬಾಕೆ ಮನೆಗೆ ಬರುತ್ತಾಳೆ. ಅವಳು ಬರುವ ದಿನ ನಾನು ಏನು ಮಾಡಿದೆ ಗೊತ್ತೇ? ಹುಲ್ಲು ಕತ್ತರಿಸಿದೆ. ಗೋಡೆಯ ಮೇಲಿದ್ದ ನನ್ನ ರಕ್ತದ ಕಲೆಯನ್ನು ಬ್ಲೀಚ್ ಹಾಕಿ ಉಜ್ಜಿದೆ. ಕುಂಬಳಕಾಯಿ ಹಾಕಿ ಸ್ಕೋನ್ ಬನ್ನು ಬೇಯಿಸಿದೆ. ನೊರೀನಳಿಗೆ ಹಸಿರು ಫ್ರಾಕು ಹಾಕಿ ತುಟಿಗೆ ಬಣ್ಣ ಹಚ್ಚಿದೆ. ಅವಳೋ, ಮಹಾರಾಣಿಯ ಹಾಗೆ ಕೂತು ಬಂದವಳ ಮಕ್ಕಳ ಯೋಗಕ್ಷೇಮವನ್ನೆಲ್ಲ ವಿಚಾರಿಸಿದಳು!

"ಮಿಸ್ಟರ್ ಟಿಯರ್ನಿ, ತುಂಬಾ ಕಷ್ಟದ ದಿನ ಹೇಗಿರುತ್ತೆ ಅಂತ ಹೇಳಿ. ಏನೂ ಮುಚ್ಚಿಡ್ಬೇಡಿ" ಅಂದಳು ಆಕೆ.

"ಅಂಥದ್ದೇನಿಲ್ಲ ಬಿಡಮ್ಮ. ನಾವು ಚೆನ್ನಾಗೇ ಇದ್ದೀವಿ. ನಮಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ, ಮೊದ್ಲು ಅವರನ್ನ ನೋಡ್ಕೊಳ್ಳಿ. ಇನ್ನೊಂದು ಸ್ಕೋನ್ ತಗೋ."

ಕಾಲು ತುಂಡಾಗಿ ಬಿದ್ದಿದ್ದರೂ ಪರವಾಗಿಲ್ಲ ಅನ್ನುವ ಜಾತಿ ನಮ್ಮದು. ಆಕೆ ಬರೆದುಕೊಂಡು ಹೋದಳು. ಚೆನ್ನಾಗಿರುವವರಿಗೆ ಎಷ್ಟು ಸಿಗಬೇಕೋ ಅಷ್ಟೇ ಸಿಕ್ಕಿತು: ಮಂಗಳವಾರ ಬೆಳಿಗ್ಗೆ ಮನೆ ಗುಡಿಸಿ ಒರೆಸುವುದು, ಗುರುವಾರ ಬೆಳಿಗ್ಗೆ ನೊರೀನಳಿಗೆ ಸ್ನಾನ ಮಾಡಿಸುವುದು. ಅದಕ್ಕೆ ಲಿತಿಯಾ ಅಂತ ಫಿಜಿಯ ಹೆಂಗಸು ಬರತೊಡಗಿದಳು. ದೊಡ್ಡ ಆಳು, ದೊಡ್ಡ ನಗು, ಸ್ನಾನ ಮಾಡಿಸುತ್ತಾ ಚರ್ಚಿನ ಹಾಡು ಹೇಳುತ್ತಾಳೆ. ನೊರೀನಳನ್ನು ಆಂಟಿ ಅಂತಾಳೆ, ನನ್ನನ್ನು ಅಂಕಲ್ ಅಂತಾಳೆ. ಅವಳಿಗೆ ನೊರೀನ್ ಒಂದು ದಿನವೂ ಕೈ ಎತ್ತಲಿಲ್ಲ. ಅವಳಿದ್ದಷ್ಟು ಹೊತ್ತು ನಾನು ವರಾಂಡದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದೆ. ಆ ನಿದ್ದೆ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಹೂಳಿರುತ್ತಿದ್ದರು.

ಒಂದು ಗುರುವಾರ ಲಿತಿಯಾ ಹಾಡದೆ ಹೊರಗೆ ಬಂದಳು. ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಂಕಲ್, ಆಂಟಿ ಮಣಿಕಟ್ಟು ಎರಡೂ ಕಪ್ಪಾಗಿದೆ. ಐದೂ ಬೆರಳು ಮೂಡಿದೆ. ಯಾರ ಕೈ ಅದು?"

"ನಂದು" ಅಂದೆ.

"ನಮ್ಮೂರಲ್ಲಿ ಹೆಂಗಸ್ರಿಗೆ ಹೊಡೆಯೋ ಗಂಡಸಿಗೆ ನನ್ನ ಅಣ್ಣಂದಿರು ಏನ್ ಮಾಡ್ತಾರೆ ಗೊತ್ತಾ?"

ಆಗ ನಾನು ಅಂಗಿ ಬಿಚ್ಚಿದೆ. ಭುಜದ ಮೇಲೆ ಇಸ್ತ್ರಿಪೆಟ್ಟಿಗೆಯ ಗುರುತು, ಪಕ್ಕೆಯಲ್ಲಿ ಹಳದಿ ನೀಲಿ ಬಾಸುಂಡೆಗಳು, ಮುಂಗೈಯಲ್ಲಿ ಹಲ್ಲಿನ ಗುರುತು. ಲಿತಿಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಯ್ಯೋ ದೇವರೇ! ಯಾರಿಗಾದ್ರೂ ಹೇಳಿದ್ರಾ?"

"ಹೇಳಿದ್ರೆ ನಿನ್ನನ್ನ ಕಳಿಸೋದು ನಿಲ್ಲಿಸ್ತಾರೆ. ಹೊಡೆದಾಟ ಇರೋ ಮನೆಗೆ ಅವರು ಆಳು ಕಳಿಸಲ್ಲ. ಆಮೇಲೆ ಇವಳನ್ನ ಬೀಗ ಹಾಕಿರೋ ವಾರ್ಡಿಗೆ ಕರ್ಕೊಂಡು ಹೋಗ್ತಾರೆ. ನಾನು ಇಲ್ಲಿ, ಅವಳು ಅಲ್ಲಿ."

"ನಾನು ಹೇಳ್ಲೇಬೇಕು ಅಂಕಲ್. ಹೇಳ್ದೇ ಇದ್ರೆ ನನ್ನ ಕೆಲಸ ಹೋಗುತ್ತೆ."

"ಮುಂದಿನ ವಾರ ಹೇಳು" ಅಂತ ಬೇಡಿಕೊಂಡೆ. ನಾನು ಬೇಡಿಕೊಂಡದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಪಾಪ, ಒಪ್ಪಿಕೊಂಡಳು. ಒಪ್ಪಿದ್ದೇ ಅವಳ ತಪ್ಪಾಯಿತು.

ಮುಂದಿನ ಮಂಗಳವಾರ ಲಿತಿಯಾ ಅಡುಗೆಮನೆ ಒರೆಸುತ್ತಿದ್ದಳು. ನಾನು ಉಪ್ಪು ಹಾಕಿ ಬೇಯಿಸಿದ ದನದ ಮಾಂಸವನ್ನು ಪಾತ್ರೆಯಿಂದ ತೆಗೆಯುತ್ತಿದ್ದೆ. ನೊರೀನ್ ಹಿಂದಿನಿಂದ ಬಂದದ್ದು ಗೊತ್ತಾಗಲಿಲ್ಲ. ಬಾಗಿಲಿಗೆ ಒತ್ತು ಕೊಡುವ ಕಬ್ಬಿಣದ ಗುಂಡು ಇದೆಯಲ್ಲ, ಅದರಿಂದ ನನ್ನ ಬೆನ್ನಿಗೆ ಬಡಿದಳು. ಕುದಿಯುವ ಪಾತ್ರೆಯ ಸಮೇತ ಬಿದ್ದೆ. ಮಂಡಿಯ ಮೇಲೆಲ್ಲ ಬಿಸಿನೀರು. ಅವಳು ಎರಡೂ ಕೈಯಲ್ಲಿ ಗುಂಡನ್ನು ತಲೆಯ ಮೇಲಕ್ಕೆತ್ತಿದಳು. ಕಸಾಯಿಖಾನೆಯಲ್ಲಿ ನಾವು ಸುತ್ತಿಗೆ ಹೇಗೆ ಎತ್ತುತ್ತಿದ್ದೆವೋ ಹಾಗೇ ಎತ್ತಿದಳು, ಕಾಲು ಅಗಲಿಸಿ, ಉಸಿರು ಹಿಡಿದು. ಇದು ಕೊನೆಯದು ಅಂತ ನನಗೆ ಖಚಿತವಾಯಿತು. ಲಿತಿಯಾ ನಡುವೆ ನುಗ್ಗಿದಳು. ಏಟು ಅವಳ ಕೆನ್ನೆಗೆ ಬಿತ್ತು. ಮೂಳೆ ಒಳಕ್ಕೆ ಕುಸಿಯಿತು, ಕಣ್ಣಿನ ಕೆಳಗೆ ಸೀಳಿತು, ರಕ್ತ ಒರೆಸಿದ ನೆಲದ ಮೇಲೆಲ್ಲ ಹರಡಿತು. ಅಷ್ಟಾದರೂ ಆ ಪುಣ್ಯಾತ್ಗಿತ್ತಿ ನೊರೀನಳನ್ನು ದೂಡಲಿಲ್ಲ. ತಬ್ಬಿ ಹಿಡಿದುಕೊಂಡು, "ಆಯ್ತು ಆಂಟಿ, ಆಯ್ತು, ಮುಗೀತು" ಅಂತ ಹೇಳುತ್ತಲೇ ಇದ್ದಳು. ಆಂಬುಲೆನ್ಸಿನವರು ಬಂದಾಗ ಮೂವರೂ ರಕ್ತಮಯವಾಗಿದ್ದೆವು, ಯಾರಿಗೆ ಮೊದಲು ಪಟ್ಟಿ ಕಟ್ಟಬೇಕು ಅಂತ ಅವರಿಗೇ ತಿಳಿಯಲಿಲ್ಲ.

ಮಾರನೆಯ ದಿನ ಆಳು ಕಳಿಸುವ ಆಫೀಸಿನಿಂದ ಫೋನು ಬಂತು. ಸಹಾಯ ನಿಂತಿದೆ. ನೊರೀನಳನ್ನು ಡಾಕ್ಟರು ನೋಡಿ, ಅವಳು ಯಾರಿಗೂ ಅಪಾಯ ಮಾಡುವುದಿಲ್ಲ ಅಂತ ಬರೆದುಕೊಟ್ಟರೆ ಮುಂದಿನ ಮಾತು. ಇಲ್ಲದಿದ್ದರೆ ವಾರ್ಡು. ನಾನು ಬೈದೆ, ಆಮೇಲೆ ಕ್ಷಮೆ ಕೇಳಿದೆ. ಫೋನಿನವಳ ತಪ್ಪೇನಿದೆ? ಒಬ್ಬಳ ಮುಖ ಒಡೆದಿದೆಯಲ್ಲ.

ಲಿತಿಯಾಳನ್ನು ನೋಡಲು ಆಸ್ಪತ್ರೆಗೆ ಹೋದೆ. ಅರ್ಧ ಮುಖ ಊದಿಕೊಂಡಿತ್ತು. ಅವಳ ಅಣ್ಣ ಪಕ್ಕದಲ್ಲೇ ಕೂತಿದ್ದ, ಬಾಗಿಲಿನಷ್ಟು ಅಗಲದ ಮನುಷ್ಯ. ಇವನು ನನಗೆ ಎರಡು ಬಾರಿಸಿದರೆ ನ್ಯಾಯವೇ ಅಂದುಕೊಂಡೆ. ಅವನು ಎದ್ದು ಕುರ್ಚಿ ಕೊಟ್ಟ. ಅಳು ಬಂದುಬಿಟ್ಟಿತು.

ನೊರೀನಳಿಗೆ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟಳು. "ಇದು ತಗೊಂಡ್ರೆ ಸಿಟ್ಟೆಲ್ಲ ಇಳಿಯುತ್ತೆ. ಸ್ವಲ್ಪ ಮಂಕಾಗ್ತಾರೆ. ಬೇಕೋ ಬೇಡ್ವೋ ನೀವೇ ಯೋಚ್ನೆ ಮಾಡಿ" ಅಂದಳು. ಯೋಚನೆ ಮಾಡಲು ಏನು ಉಳಿದಿತ್ತು? ಅರೆದು ಹಣ್ಣಿನ ಜಾಮಿನಲ್ಲಿ ಕಲಸಿ ನಾನೇ ತಿನ್ನಿಸಿದೆ. ಕೆಲವೇ ದಿನಗಳಲ್ಲಿ ನೊರೀನ್ ಹಸುವಿನ ಹಾಗಾದಳು. ಕೂರಿಸಿದಲ್ಲಿ ಕೂರುತ್ತಾಳೆ, ಕೊಟ್ಟದ್ದು ತಿನ್ನುತ್ತಾಳೆ. ಇನ್ನು ಅಪಾಯವಿಲ್ಲ ಅಂತ ಡಾಕ್ಟರು ಬರೆದುಕೊಟ್ಟಳು. ಸಹಾಯ ಮತ್ತೆ ಶುರುವಾಯಿತು, ಈ ಸಲ ನಿಜ ಹೇಳಿದ್ದಕ್ಕೆ ವಾರದಲ್ಲಿ ನಾಲ್ಕು ದಿನ. ಲಿತಿಯಾಳೇ ಬರುತ್ತಾಳೆ, ಕೆನ್ನೆಯಲ್ಲಿ ಗುಳಿ ಉಳಿದಿದೆ, ಹಾಡು ಹಾಗೇ ಇದೆ. ಪಕ್ಕದ ಮನೆಯವರು, ಪಾದ್ರಿಗಳು, ಎಲ್ಲರೂ ನನ್ನ ಬೆನ್ನು ತಟ್ಟಿ ನೀನು ಅದೃಷ್ಟವಂತ ಅನ್ನುತ್ತಾರೆ. ಹೌದು ಅನ್ನುತ್ತೇನೆ. ನನ್ನ ಬೆರಳು ಕೂಡಿವೆ, ಭುಜದ ಗಾಯ ಒಣಗಿದೆ, ರಾತ್ರಿ ನಿದ್ದೆ ಬರುತ್ತದೆ.

ಸರಿ, ಇಷ್ಟು ಸಾಕು. ನಿನ್ನ ಹೊಸ ಸೊಂಟ ನಿನಗಿಂತಲೂ ಹೆಚ್ಚು ಕಾಲ ಬಾಳಲಿ. ನಿನ್ನ ಒಲೆ ಆರದಿರಲಿ, ಬಿಯರು ಬೆಚ್ಚಗಾಗದಿರಲಿ. ನೊರೀನಳಿಗಾಗಿ ಒಂದು ಮೇಣದಬತ್ತಿ ಹಚ್ಚು. ನೀನು ಚರ್ಚಿಗೆ ಹೋಗುವುದಿಲ್ಲ ಅಂತ ಗೊತ್ತು, ಮನೆಯಲ್ಲೇ ಹಚ್ಚು.

ನಿನ್ನ,
ವಿನ್ಸ್

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇದೊಂದನ್ನು ನಿನಗೆ ಹೇಳದಿದ್ದರೆ ಯಾರಿಗೆ ಹೇಳಲಿ? ಯಾರನ್ನು ಹೊಡೀತಿದ್ದೀನಿ ಅಂತ ಅವಳಿಗೆ ಗೊತ್ತಿರಲಿಲ್ಲ ಬಿಡಿ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಗೊತ್ತಿತ್ತು ಡೆಸ್. ದಿನವೆಲ್ಲ ನಾನು ಅವಳಿಗೆ ಯಾರೋ ಆಗಿರುತ್ತಿದ್ದೆ. ಆದರೆ ಸಿಟ್ಟು ನೆತ್ತಿಗೇರಿದಾಗ, "ವಿನ್ಸೆಂಟ್ ಪ್ಯಾಟ್ರಿಕ್ ಟಿಯರ್ನಿ!" ಅಂತ ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದಳು, ಮದುವೆಯಾದ ವರ್ಷ ಕೂಗಿದ ಹಾಗೆಯೇ. ಕೂಗಿ ಹೊಡೆಯುತ್ತಿದ್ದಳು. ಹಾಗೆ ಹೊಡೆಸಿಕೊಂಡರೂ ನಾನು ಯಾರಿಗೂ ಹೇಳದೆ ಇದ್ದದ್ದು ಬರೀ ವಾರ್ಡಿನ ಹೆದರಿಕೆಗಲ್ಲ. ಮಾತ್ರೆ ಶುರುವಾದ ಮೇಲೆ ಆ ಹೆಸರು ಈ ಮನೆಯಲ್ಲಿ ಕೇಳಿಲ್ಲ.

ಮೊನ್ನೆ ಮಧ್ಯಾಹ್ನ ತಡೆಯಲಾಗಲಿಲ್ಲ. ಅಂಗಳದ ಕೆಸರು ಮೆತ್ತಿದ ಬೂಟು ಹಾಕಿಕೊಂಡೇ ಹೋಗಿ ಅವಳ ಬಿಳಿ ಹಾಸಿಗೆಯ ಮೇಲೆ ಮಲಗಿದೆ. ಅದನ್ನು ಅವಳು ಯಾವತ್ತೂ ಸಹಿಸಿದವಳಲ್ಲ. ಕಣ್ಣು ಮುಚ್ಚಿ, ಮುಖ ಅವಳ ಕಡೆ ತಿರುಗಿಸಿ ಕಾದೆ. ಅವಳು ಎದ್ದು ಬಂದಳು. ನನ್ನ ಬೂಟಿನ ದಾರ ಬಿಚ್ಚಿದಳು.

"ಪಾಪ, ಸುಸ್ತಾಗಿದೆ ನಿಮಗೆ. ಇವತ್ತು ಎಷ್ಟು ಮನೆ ಕೆಲಸ ಮುಗಿಸಿ ಬಂದ್ರೋ ಏನೋ! ನೀವು ತುಂಬಾ ಒಳ್ಳೆಯವರು. ಗುರುವಾರಾನೂ ನಿಮ್ಮನ್ನೇ ಕಳಿಸ್ತಾರಾ?"

"ಹೂಂ, ನನ್ನನ್ನೇ ಕಳಿಸ್ತಾರೆ" ಅಂದೆ.