ಮಂಗಳಾರತಿಗೆ ಮೊದಲಿನ ಪಾನಕ

ಮಂಜಲ್‌ಪುರ, ವಡೋದರಾ
೧-೫-೧೯೯೭

ಪ್ರೀತಿಯ ಅಮ್ಮನಿಗೆ ನಿನ್ನ ಸುಮಿತ್ರಾ ಮಾಡುವ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಇವರು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಬೀರುವಿನಲ್ಲಿ ಜೋಪಾನ ಮಾಡಿಟ್ಟಿದ್ದೀಯೋ? ಅಪ್ಪನ ಕೈನಡುಕ ಸ್ವಲ್ಪವಾದರೂ ಇಳಿದಿದೆಯೇ? ಪಿಟೀಲಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದರು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಸಂಜನಾ ಪಾಸಾಗಿದ್ದಾಳೆ. ಅಜ್ಜಿಗೆ ನಾಲ್ಕು ಸಾಲು ಬರೆಯೇ ಅಂದರೆ, 'ಹಿಂದೀಲಿ ಬರೆದ್ರೆ ಅಜ್ಜಿಗೆ ಬರಲ್ವಾ ಮಮ್ಮಿ' ಎನ್ನುತ್ತಾಳೆ. ಬಿಸಿಲಿನ ಸುದ್ದಿ ಮಾತ್ರ ಕೇಳಬೇಡ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಅದರಲ್ಲೇ ಕಾಫಿ ಬೆರೆಸಬಹುದು.

ಈಗ ಮುಖ್ಯ ವಿಷಯ. ಹೋದ ಭಾನುವಾರ ನಮ್ಮ ಕನ್ನಡ ಸಂಘದ ರಾಮೋತ್ಸವದ ಸಂಗೀತ ನಡೆಯಿತು, ಸೆಕ್ರೆಟರಿ ಅಚ್ಯುತರಾಯರ ಮೇಲೆ ನಾನು ಸೇಡು ತೀರಿಸಿಕೊಂಡೆ. ಹೀಗೆ ಬರೆಯಲು ನನಗೆ ನಾಚಿಕೆಯೇನೂ ಇಲ್ಲ. ಹೋದ ವರ್ಷ ನೀನು ತಂಗಿಯ ಬಾಣಂತನಕ್ಕೆಂದು ತುಮಕೂರಿನಲ್ಲೇ ಉಳಿದಿದ್ದೆ, ಅಪ್ಪ ಒಬ್ಬರೇ ಬಂದಿದ್ದರು. ಅಂದು ನಡೆದದ್ದನ್ನು ನಾನು ನಿನಗೆ ಪೂರ್ತಿಯಾಗಿ ಹೇಳಿಯೇ ಇಲ್ಲ. ಶಾಮಿಯಾನಕ್ಕೆ ಇದ್ದದ್ದು ಒಂದೇ ಬಾಗಿಲು. ಕಛೇರಿಯ ನಡುವೆ ಯಾರೂ ಎದ್ದುಹೋಗಬಾರದೆಂದು ಅದಕ್ಕೂ ರಾಯರು ಹಗ್ಗ ಕಟ್ಟಿಸಿದ್ದರು. ಮುಖ್ಯ ಅತಿಥಿ ಬಾರದೆ ಮಂಗಳಾರತಿಯಿಲ್ಲ, ಮಂಗಳಾರತಿಯಾಗದೆ ಪಾನಕವಿಲ್ಲ. ಅತಿಥಿಯ ಪತ್ತೆಯಿಲ್ಲ, ಮಡಕೆಗಳ ನೀರು ಆಗಲೇ ಬರಿದಾಗಿತ್ತು. ವೇದಿಕೆಯ ಪಕ್ಕದಲ್ಲೇ ಒದ್ದೆಬಟ್ಟೆ ಸುತ್ತಿದ ಕೊಳಗಗಳಲ್ಲಿ ಪಾನಕ ತಣ್ಣಗೆ ತುಂಬಿ ನಿಂತಿತ್ತು. ಅಪ್ಪ ದೊಡ್ಡ ದೀಪಗಳ ಕೆಳಗೆ ಕೂತು ಪಿಟೀಲು ನುಡಿಸುತ್ತಿದ್ದರು. ಅವರ ಬೆವರು ನಿಂತು ಮುಖ ಕೆಂಪಡರಿದ್ದನ್ನು ಕಂಡು ನಾನು ಓಡಿಹೋಗಿ ಒಂದು ಲೋಟ ಕೇಳಿದೆ. 'ದೇವರಿಗಿಂತ ಮುಂಚೆ ನಿಮ್ಮ ತಂದೆಯವರಿಗೆ ನೈವೇದ್ಯ ಮಾಡ್ಬೇಕೇನಮ್ಮ?' ಅಂದರು ರಾಯರು, ಸುತ್ತಲಿನವರು ನಗುವ ಹಾಗೆ. ಆ ನಗು ನಿಲ್ಲುವ ಮೊದಲೇ ಅಪ್ಪ ವೇದಿಕೆಯ ಮೇಲೆ ಒರಗಿದ್ದರು. ಕೈನಡುಕ ಹಿಡಿದದ್ದು ಅಂದಿನಿಂದಲೇ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಹಣೆಬರಹ ಎಂದುಕೊಳ್ಳುತ್ತಿದ್ದೆನೇನೋ. ಆಮೇಲೆ ರಾಯರು ಸಂಘದ ಸಭೆಯಲ್ಲಿ ಎದ್ದು ನಿಂತು, 'ವಯಸ್ಸಾದೋರನ್ನ ಈ ಬಿಸಿಲಿಗೆ ಕರ್ಕೊಂಡ್ ಬಂದಿದ್ದು ಮನೆಯವರ ತಪ್ಪು' ಅಂದುಬಿಟ್ಟರು. ಪಿಟೀಲಿಗೆ ಜನವಿಲ್ಲವೆಂದು ನಮ್ಮ ಮನೆ ಬಾಗಿಲಿಗೆ ಬಂದು ಅಪ್ಪನನ್ನು ಕರೆದವರು ಈ ರಾಯರೇ. ನಿನ್ನ ಅಳಿಯ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಜಗಳವೆಂದರೆ ಆಗದು. ನನಗೆ ಆಗುತ್ತದೆ.

ಈ ವರ್ಷ ಪಾನಕದ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಎಷ್ಟು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಶಾಮಿಯಾನ ಹಾಕುವವನ ಹತ್ತಿರ ನಿಂತು ಎರಡೂ ಕಡೆ ಅಗಲವಾದ ಬಾಗಿಲು ಬಿಡಿಸಿದೆ. ಮೂಲೆಮೂಲೆಗೂ ಮಡಕೆ ಇಡಿಸಿದೆ. ಫತೇಗಂಜಿನ ಹಾಸ್ಟೆಲಿನಲ್ಲಿದ್ದು ಡಾಕ್ಟರಿಕೆ ಓದುತ್ತಿರುವ ನಮ್ಮ ಕಡೆಯ ಹುಡುಗಿ ಗೌತಮಿಯನ್ನು ಒದ್ದೆ ಟವಲು, ಉಪ್ಪು-ಸಕ್ಕರೆ ನೀರಿನ ಸಮೇತ ಒಂದು ಪಕ್ಕ ಕೂರಿಸಿದೆ. ಬೆಳಿಗ್ಗೆ ಮನೆಯಲ್ಲೇ ರಾಮನ ಪಟದ ಮುಂದೆ ನೈವೇದ್ಯ ಮಾಡಿ ಪಾನಕವನ್ನು ತಂದಿದ್ದೆ. ಹಾಗಾಗಿ ಬಂದವರಿಗೆಲ್ಲ ಬಾಗಿಲಲ್ಲೇ ಲೋಟ ಕೊಡತೊಡಗಿದೆ. ರಾಯರು ಹಾರಿ ಬಿದ್ದರು. ನಾನು ಮೈಕು ತೆಗೆದುಕೊಂಡು, 'ನಮ್ಮ ಸೆಕ್ರೆಟರಿಯವರು ನಿಯಮದ ಮನುಷ್ಯರು, ಅವರು ಇಲ್ಲಿಯ ಮಂಗಳಾರತಿ ಆಗದೆ ಒಂದು ತೊಟ್ಟೂ ಮುಟ್ಟೋದಿಲ್ಲ' ಎಂದು ಸಾರಿಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಪಾಪ, ಮಾತಿಗೆ ಕಟ್ಟುಬಿದ್ದರು. ರೇಷ್ಮೆ ಶಾಲು ಹೊದ್ದು, ಈ ಸಲವೂ ತಡಮಾಡಿದ ಅತಿಥಿಯ ದಾರಿ ಕಾಯುತ್ತ ಬಾಗಿಲ ಬಿಸಿಲಿನಲ್ಲಿ ನಿಂತೇ ಇದ್ದರು. ಮಕ್ಕಳೆಲ್ಲ ಎರಡೆರಡು ಲೋಟ ಕುಡಿದು ಅವರ ಮುಂದೆಯೇ ಬಾಯಿ ಒರೆಸಿಕೊಂಡು ಹೋದರು. ಅದನ್ನು ನೋಡುತ್ತಿದ್ದರೆ ನನಗೇ ಪಾನಕ ಕುಡಿದಷ್ಟು ತಂಪಾಯಿತು.

ಕೊನೆಗೆ ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. 'ತಪ್ಪಾಯ್ತಮ್ಮ, ನಿಮ್ಮ ತಂದೆಯವರಿಗೂ ಹೇಳಿ. ಒಂದ್ ಲೋಟ ಕೊಡಿ' ಅಂದರು. ಒಂದು ವರ್ಷದಿಂದ ನಾನು ಕಾದಿದ್ದ ಮಾತು ಅದು. ಲೋಟ ಕೊಟ್ಟೆ. ಗಟಗಟ ಕುಡಿದು ಕೈಮುಗಿದು ಹೋದರು. ಎಷ್ಟೇ ಸಿಟ್ಟಿರಲಿ, ಬಿಸಿಲಿನಿಂದ ಬಂದವರಿಗೆ ಮೊದಲು ನೀರು ಕೊಡು ಎಂದು ಹೇಳಿಕೊಟ್ಟ ಅಪ್ಪನ ಮಗಳಲ್ಲವೇ ನಾನು. ಅವರು ತಪ್ಪೊಪ್ಪಿಕೊಂಡರು ಎಂದು ಅಪ್ಪನಿಗೆ ಎರಡು ಸಲ ಓದಿ ಹೇಳು.

ಮಳೆ ಹಿಡಿದ ಮೇಲೆ ಬರುತ್ತೇವೆ. ಅಪ್ಪನಿಗೆ ನಮ್ಮೆಲ್ಲರ ನಮಸ್ಕಾರ, ಪುಟ್ಟ ಕೂಸಿಗೆ ಮುತ್ತು. ಎಣ್ಣೆ ಹಚ್ಚಿಕೋ.

ನಿನ್ನ ಮಗಳು
ಸುಮಿತ್ರಾ

ತಾ. ಕ.: ಈ ಚೀಟಿ ನಿನಗೊಬ್ಬಳಿಗೆ, ಅಪ್ಪನಿಗೆ ಓದಬೇಡ. ನಾನು ಲೋಟ ಕೊಡಲಿಲ್ಲ ಅಮ್ಮ. ತಪ್ಪಾಯ್ತು ಅಂದದ್ದು ನಿಜ. ಅಂದ ಮೇಲೂ ನಾನು 'ಮಂಗಳಾರತಿ ಆಗ್ಲಿ ರಾಯರೇ' ಅಂದೆ. ಅವರು ನನ್ನ ಕಾಲ ಬಳಿಯೇ ಕುಸಿದರು. ತುಂಬಿದ ಲೋಟ ಹಿಡಿದುಕೊಂಡು ನಾನು ನೋಡುತ್ತ ನಿಂತಿದ್ದೆ, ಗೌತಮಿಯನ್ನೂ ಕೂಗಲಿಲ್ಲ. ನಿನ್ನ ಅಳಿಯನೇ ಓಡಿಬಂದು ಅವರನ್ನು ನೆರಳಿಗೆ ಎಳೆದು, ಅವಳನ್ನು ಕರೆದು, ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ರಾಯರು ಈಗ ಮನೆಗೆ ಬಂದಿದ್ದಾರೆ. ಅವರ ಕೈ ನಡುಗುವುದಿಲ್ಲವಂತೆ. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು, ಇನ್ನೂ ಉರಿಯುತ್ತಿದೆ. ಇವರು ನನಗೆ ಒಂದು ಮಾತೂ ಬೈದಿಲ್ಲ. ಆಫೀಸಿನಿಂದ ಬಂದವರು ಮಡಕೆಯಿಂದ ತಾವೇ ನೀರು ಬಗ್ಗಿಸಿಕೊಂಡು ಕುಡಿಯುತ್ತಾರೆ. ನನ್ನನ್ನು ಕೇಳುವುದಿಲ್ಲ.