ಹಾರದಲ್ಲಿಲ್ಲದ ಚಂದ್ರ

ಮ್ಯೂಸಿಯಂ ಮೇಡಂ ಅವರಿಗೆ,

ನಿನ್ನೆ ನೀವು ಫೋನಿನಲ್ಲಿ ಹೇಳಿದ್ದು ತಪ್ಪೇನಲ್ಲ, ನಾನು ನಿಮ್ಮ ಮ್ಯೂಸಿಯಂಗೆ ಕೊಟ್ಟ ನನ್ನ ಹೆಂಡತಿಯ ಬೆಳ್ಳಿ ಹಾರ ನಡುವೆ ಬೋಳಾಗಿಯೇ ಕಾಣುತ್ತದೆ. ಮೀನಿನಾಕಾರದ ಕೊಂಡಿ ಕಡಲ ಕಡೆಯ ಕೆಲಸ, ನಡುವೆ ಇರಬೇಕಾದ ಅರ್ಧಚಂದ್ರ ಬೆಟ್ಟದ ಕಡೆಯದು, ಮಕ್ಕಳಾಗಲೆಂದು ಹೆಂಗಸರು ಧರಿಸುತ್ತಿದ್ದರು ಎಂದು ನೀವು ವಿವರಿಸಿದಾಗ ಸುಮ್ಮನೆ ಹೂಂಗುಟ್ಟಿದೆ. ಗೊತ್ತಿಲ್ಲದೆ ಅಲ್ಲ. ಅತ್ತೆ ಅದನ್ನು ಮಗಳ ಕೊರಳಿಗೆ ಹಾಕಿದ್ದೇ ಅದಕ್ಕೆ.

ಚಂದ್ರ ಕಳೆದುಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಹದಿನಾಲ್ಕು ವರ್ಷ ಕಾದ ಮೇಲೆ, ಡಾಕ್ಟರು ಕೈಚೆಲ್ಲಿದ ದಿನ, ಅವಳೇ ಇಕ್ಕಳ ತಂದು ಅದನ್ನು ಹಾರದಿಂದ ಬಿಡಿಸಿದಳು. “ಪಾಪ ಕಣ್ರೀ, ಇಷ್ಟು ವರ್ಷ ಡ್ಯೂಟಿ ಮಾಡಿದ್ದಾನೆ, ರಿಟೈರ್ ಆಗ್ಲಿ ಬಿಡಿ” ಎಂದಳು. ನನಗೆ ನಗಲೂ ಬರಲಿಲ್ಲ. ಹಾರವನ್ನು ಮಾತ್ರ ಕೊನೆಯವರೆಗೂ ಹಾಗೆಯೇ ಹಾಕಿಕೊಂಡಳು.

ಇದನ್ನೆಲ್ಲ ಫೋನಿನಲ್ಲಿ ಹೇಳಲು ದಮ್ಮಿಲ್ಲ, ಅದಕ್ಕೇ ಈ ಕಾಗದ. ದಯವಿಟ್ಟು ಬೇರೆ ಹಾರದ ಚಂದ್ರನನ್ನು ತಂದು ಅಲ್ಲಿ ಕೂರಿಸಬೇಡಿ. ಹಾರದ ಪಕ್ಕ ಇಡುವ ಚೀಟಿಯಲ್ಲಿ ‘ಇನ್‌ಕಂಪ್ಲೀಟ್’ ಎಂದೂ ಬರೆಯಬೇಡಿ. ‘ಅವಳು ಹಾಕಿಕೊಳ್ಳುತ್ತಿದ್ದಂತೆ’ ಎಂದಿರಲಿ. ಇಂಗ್ಲಿಷಿನಲ್ಲಿ ‘ಆ್ಯಸ್ ವೋರ್ನ್ ಬೈ ಹರ್’ ಎಂದಾಗುತ್ತದೇನೋ. ಕಾಲೇಜು ಬಿಟ್ಟು ಬಹಳ ಕಾಲವಾಯಿತು, ಗ್ರಾಮರ್ ನೀವೇ ನೋಡಿಕೊಳ್ಳಿ.

ಚಂದ್ರ ಈಗ ನನ್ನ ಮೇಜಿನ ಮೇಲೇ ಇದೆ, ಕಪ್ಪಾಗಿದೆ. ಅದನ್ನೂ ನಿಮಗೇ ಕಳಿಸಿಬಿಡೋಣವೆಂದು ಬೆಳಿಗ್ಗೆಯೇ ದೊಡ್ಡ ಲಕೋಟೆ ತಂದಿಟ್ಟೆ. ಇನ್ನೂ ಖಾಲಿಯೇ ಇದೆ. ಕಿಟಕಿಯ ಬೆಳಕು ಇಳಿಯುತ್ತಿದೆ, ಬರೆದದ್ದೂ ಸರಿಯಾಗಿ ಕಾಣುತ್ತಿಲ್ಲ. ಇವತ್ತಿಗೆ ಅದು ಇಲ್ಲೇ ಇರಲಿ.

ನಿಮ್ಮ ಉತ್ತರಕ್ಕೆ ಕಾಯುವ,
ಹಾರದವಳ ಗಂಡ